ಟೈಮಪ್ಪ ಸೆಲ್ಲು ಉಳಿಸಿದ್ದು

ವಾಚಿನ ಬೆಲೆ ಎರಡು ತಿಂಗಳ ಸಂಬಳ. ಅದರೊಳಗಿನ ಸೆಲ್ಲಿನ ಬೆಲೆ ನಾಲ್ಕು ಲೋಟ ಟೀ. ಸೆಲ್ಲು ಬದಲಾಯಿಸುವವನ ಕೂಲಿ ಇನ್ನೆರಡು ಲೋಟ ಅಂತಿಟ್ಟುಕೊಳ್ಳಿ. ಅದೂ ಹತ್ತು ವರ್ಷಕ್ಕೊಮ್ಮೆ. ಅಂದರೆ ವರ್ಷಕ್ಕೆ ಅರ್ಧ ಲೋಟಕ್ಕಿಂತ ಒಂದು ಗುಟುಕು ಹೆಚ್ಚು ಟೀ. ಈ ಅರ್ಧ ಲೋಟ ಟೀ ಉಳಿಸಲು ಹೋದ ಮನುಷ್ಯನ ಕತೆ ಇದು.

ಫೋನು ಇನ್ನೂ ಜನರ ಜೇಬಿಗೆ ಇಳಿಯದಿದ್ದ ಕಾಲ. ಹೊಳೆಯ ಈ ದಡದಲ್ಲಿ ಊರು, ಆ ದಡದಲ್ಲಿ ರೈಲು ನಿಲ್ದಾಣ, ನಡುವೆ ಓಡಾಡಲು ಸರ್ಕಾರದ ಒಂದು ಲಾಂಚು. ಎಂಟಕ್ಕೆ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ, ದಿನಕ್ಕೆ ನಾಲ್ಕು ಸಲ. ಹೊರಡುವ ಹೊತ್ತಿಗೆ ಲಾಂಚು ನಿಲ್ಲುವ ಕಟ್ಟೆಯ ಆಫೀಸಿನಲ್ಲಿ ಕೂತ ಗುಮಾಸ್ತ ಸೈರನ್ ಒತ್ತಬೇಕು. ಸೈರನ್ ಆದರೆ ಡ್ರೈವರ್ ಹಗ್ಗ ಬಿಚ್ಚುತ್ತಾನೆ, ಆಗದಿದ್ದರೆ ಬಿಚ್ಚುವುದಿಲ್ಲ. ಡ್ರೈವರಿಗೆ ವಾಚಿರಲಿಲ್ಲ. ಡೀಸೆಲ್ ಕೈಗೆ ವಾಚು ಯಾಕೆ ಅನ್ನುವುದು ಅವನ ವಾದ.

ನಮ್ಮ ಗುಮಾಸ್ತ ಈ ಸೈರನ್ನಿಗೆ ಬಂದು ಹತ್ತು ತಿಂಗಳಾಗಿತ್ತು. ಕೆಲಸ ಇನ್ನೂ ಹಂಗಾಮಿ. ಮುಂದಿನ ತಿಂಗಳು ದೊಡ್ಡ ಸಾಹೇಬರು ತಪಾಸಣೆಗೆ ಬಂದು, ನೋಡಿ, ಸಮಾಧಾನವಾದರೆ ಕಾಯಂ. ಆಗದಿದ್ದರೆ ಮನೆ. ವಯಸ್ಸು ಮೂವತ್ತನಾಲ್ಕು, ಶಾಲೆಗೆ ಹೋಗುವ ಒಬ್ಬಳು ಮಗಳು, ಬಾಡಿಗೆ ಮನೆ. ಆದ್ದರಿಂದ ಅವನ ಹೆಂಡತಿ ದೇವರ ಮುಂದೆ ಕೂತಾಗಲೆಲ್ಲ ಬೇಡುತ್ತಿದ್ದದ್ದು ಒಂದೇ, ಸಾಹೇಬರ ಸಮಾಧಾನ.

ಇಂಥ ಸಮಯದಲ್ಲಿ ಅವನು ವಾಚು ಕೊಂಡು ತಂದ. ಬರೀ ವಾಚಲ್ಲ, ಸಮುದ್ರದಲ್ಲಿ ಮುಳುಗುವವರು ಕಟ್ಟಿಕೊಳ್ಳುವ ವಾಚು. ದಪ್ಪ ಉಕ್ಕಿನ ಮೈ, ಸುತ್ತಲೂ ಹಲ್ಲು ಹಲ್ಲಾದ ಬಳೆ, ತಿರುಗಿಸಿದರೆ ಕಿರ್ ಕಿರ್. ಕತ್ತಲೆಯಲ್ಲಿ ಮುಳ್ಳು ಹಸಿರಾಗಿ ಹೊಳೆಯುತ್ತಿತ್ತು. ಇನ್ನೂರು ಮೀಟರ್ ನೀರೊಳಗೂ ಏನೂ ಆಗುವುದಿಲ್ಲ ಅಂತ ಮುಖದ ಮೇಲೇ ಬರೆದಿತ್ತು.

"ನಿಮಗೆ ಈಜು ಬರುತ್ತಾ?" ಅಂತ ಹೆಂಡತಿ ಕೇಳಿದಳು.

"ಈಜಿಗೂ ಇದಕ್ಕೂ ಏನು ಸಂಬಂಧ? ಇದು ಕ್ವಾರ್ಟ್ಜ್ ಕಣೇ. ತಿಂಗಳಿಗೆ ಹದಿನೈದು ಸೆಕೆಂಡಿನ ಮೇಲೆ ತಪ್ಪಲ್ಲ. ಸೆಲ್ಲು ಹತ್ತು ವರ್ಷ. ಸಾಹೇಬರು ಬಂದು ನೋಡಿದರೆ ಅವತ್ತೇ ಕಾಯಂ."

"ಎರಡು ತಿಂಗಳ ಸಂಬಳ," ಅಂದಳು ಅವಳು. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು." ಅಷ್ಟೇ ಹೇಳಿ ಒಳಗೆ ಹೋಗಿ ಪಾತ್ರೆಗಳ ಜೊತೆ ಮಾತಾಡತೊಡಗಿದಳು. ಪಾತ್ರೆಗಳೂ ಜೋರಾಗಿಯೇ ಉತ್ತರ ಕೊಟ್ಟವು.

ಮೊದಲ ಮೂರು ವಾರ ಎಲ್ಲ ಸುಸೂತ್ರ. ಸೈರನ್ ಎಷ್ಟು ಕರಾರುವಾಕ್ಕಾಗಿ ಆಗುತ್ತಿತ್ತೆಂದರೆ ಊರಿನವರು ಅವನಿಗೆ ಟೈಮಪ್ಪ ಅಂತ ಹೆಸರಿಟ್ಟರು. ದರ್ಜಿ ತನ್ನ ಗೋಡೆ ಗಡಿಯಾರವನ್ನು ಸೈರನ್ನಿಗೆ ಸರಿಮಾಡಿಕೊಂಡ. ಶಾಲೆಯ ಗಂಟೆ ಸೈರನ್ನಿಗೆ ಹೊಂದಿಕೊಂಡಿತು. ಕಟ್ಟೆಯ ಎದುರಿನ ಟೀ ಅಂಗಡಿಯಾಕೆಯಂತೂ ಪ್ರತಿ ಸೈರನ್ನಿಗೂ ಸ್ಟೂಲು ಹತ್ತಿ ತನ್ನ ಗಡಿಯಾರದ ಮುಳ್ಳು ಸರಿಮಾಡುತ್ತಿದ್ದಳು. ಹಿಂದೊಮ್ಮೆ ಅವಳ ಗಡಿಯಾರ ನಂಬಿ ನಾಲ್ಕು ಜನ ಲಾಂಚು ತಪ್ಪಿಸಿಕೊಂಡು ಅವಳ ಅಂಗಡಿ ಮುಂದೆಯೇ ನಿಂತು ಶಾಪ ಹಾಕಿದ್ದರಂತೆ. ಅವತ್ತಿನಿಂದ ಅವಳು ಸೈರನ್ ಬಿಟ್ಟು ಇನ್ನಾರನ್ನೂ ನಂಬುತ್ತಿರಲಿಲ್ಲ.

ಹೆಸರು ತಲೆಗೇರಿತು. ಟೈಮಪ್ಪ ಆಫೀಸಿನ ಹಳೇ ಗೋಡೆ ಗಡಿಯಾರ ಇಳಿಸಿ, "ಈ ಗಡಿಯಾರ ವಾರಕ್ಕೆ ಐದು ನಿಮಿಷ ಹಿಂದೆ ಬೀಳುವುದರಿಂದಲೂ, ನನ್ನ ಬಳಿ ಉತ್ತಮ ವಾಚು ಇರುವುದರಿಂದಲೂ ಇದರ ಅಗತ್ಯವಿರುವುದಿಲ್ಲ" ಅಂತ ಚೀಟಿ ಅಂಟಿಸಿ ಮೇಲಿನ ಆಫೀಸಿಗೆ ಕಳಿಸಿಬಿಟ್ಟ. ಬೇಡ ಅನ್ನಲು ಅಲ್ಲಿ ಇನ್ನಾರೂ ಇರಲಿಲ್ಲ.

ಆ ಭಾನುವಾರ ಷಡ್ಡಕ ಬಂದ. ಷಡ್ಡಕ ಅಂದರೆ ಹೆಂಡತಿಯ ಅಕ್ಕನ ಗಂಡ, ಅಂಚೆ ಕಚೇರಿಯಲ್ಲಿ ಕಾಯಂ ನೌಕರ, ಮಾತಿನಲ್ಲಿ ಅದಕ್ಕಿಂತ ಕಾಯಂ. ವಾಚನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಇನ್ನೂರು ಮೀಟರಂತೆ. ನಮ್ಮ ಹೊಳೆ ಎಷ್ಟಯ್ಯಾ ಆಳ?"

"ಎಂಟು ಹತ್ತು ಮೀಟರ್ ಇರಬಹುದು."

"ಹಾಗಾದರೆ ಉಳಿದ ನೂರತೊಂಬತ್ತು ಮೀಟರ್ ದುಡ್ಡು ವಾಪಸ್ ಕೇಳು." ನಕ್ಕು, ತಿರುಗಿಸಿ ಹಿಂಭಾಗ ನೋಡಿದ. "ಹತ್ತು ವರ್ಷ ಆದ ಮೇಲೆ ಸೆಲ್ಲು ಹಾಕೋಕೆ ಈ ಮುಚ್ಚಳ ಬಿಚ್ಚಲೇಬೇಕು ತಾನೇ? ಬಿಚ್ಚಿದರೆ ಮುಗೀತು. ಕಂಪನಿಯವರು ಹಾಕಿದ ಬಿಗಿ ಮತ್ತೆ ಬರಲ್ಲ. ಆಮೇಲೆ ಇದೂ ನನ್ನ ವಾಚೂ ಒಂದೇ. ಹತ್ತು ವರ್ಷದ ರಾಜ್ಯ, ಅಷ್ಟೆ."

ಷಡ್ಡಕ ಊಟ ಮಾಡಿ ಹೋದ. ಟೈಮಪ್ಪನಿಗೆ ಊಟ ಸೇರಲಿಲ್ಲ. ಹತ್ತು ವರ್ಷ ಅಂದರೆ ತನಗೆ ನಲವತ್ತನಾಲ್ಕು. ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷ ಬಾಕಿ. ಆ ಹದಿನಾಲ್ಕು ವರ್ಷ ಸಾಮಾನ್ಯ ಮನುಷ್ಯನ ಹಾಗೆ ಬದುಕಬೇಕು.

ಮಗಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದ. ವಾಚಿನ ಪಕ್ಕದಲ್ಲಿ ಒಂದು ಗುಂಡಿ. ತಿರುಗಿಸಿ ಬಿಗಿ ಬಿಚ್ಚಿ ಹೊರಗೆ ಎಳೆದರೆ ಮುಳ್ಳು ನಿಲ್ಲುತ್ತದೆ. ಮುಳ್ಳು ನಿಂತರೆ ಸೆಲ್ಲು ಉಳಿಯುತ್ತದೆ. ದಿನವಿಡೀ ಓಡಿದರೆ ಹತ್ತು ವರ್ಷ. ಆಫೀಸಿನ ಎಂಟು ಗಂಟೆ ಮಾತ್ರ ಓಡಿದರೆ ಮೂವತ್ತು. ಆದರೆ ಆಫೀಸಿನಲ್ಲೂ ಎಂಟು ಗಂಟೆ ಯಾಕೆ? ಸೈರನ್ ಇರುವುದು ನಾಲ್ಕು. ಒಂದೊಂದಕ್ಕೆ ಹತ್ತು ನಿಮಿಷ ಓಡಿದರೆ ಸಾಕು. ದಿನಕ್ಕೆ ನಲವತ್ತು ನಿಮಿಷ. ಗುಣಿಸಿದ, ಭಾಗಿಸಿದ, ಇನ್ನೊಮ್ಮೆ ಗುಣಿಸಿದ. ಮುನ್ನೂರ ಅರವತ್ತು ವರ್ಷ ಬಂತು.

"ನೋಡೇ," ಅಂತ ಹೆಂಡತಿಯನ್ನು ಕರೆದ. "ಹದಿನಾಲ್ಕು ಹದಿನೈದು ತಲೆಮಾರಿಗೆ ಸಾಕು."

"ಮೊದಲು ಒಂದು ತಲೆಮಾರಿಗೆ ಕೆಲಸ ಕಾಯಂ ಮಾಡಿಸಿಕೊಳ್ಳಿ," ಅಂದಳು ಅವಳು.

ಸೋಮವಾರದಿಂದ ಉಳಿತಾಯ ಶುರುವಾಯಿತು. ಸೈರನ್ ಒತ್ತಿದ ಕೂಡಲೇ ಗುಂಡಿ ಹೊರಗೆ. ಮುಂದಿನ ಸೈರನ್ನಿಗೆ ಹತ್ತು ನಿಮಿಷ ಇದೆ ಅನ್ನುವಾಗ ಗುಂಡಿ ಒಳಗೆ. ಇದರಲ್ಲಿ ಒಂದು ಸಣ್ಣ ತೊಡಕಿತ್ತು. ವಾಚು ನಿಂತಿರುವಾಗ ಹತ್ತು ನಿಮಿಷ ಇದೆ ಅಂತ ಹೇಳುವವರು ಯಾರು? ಟೈಮಪ್ಪ ಎದ್ದು ಎದುರಿನ ಟೀ ಅಂಗಡಿಗೆ ಹೋಗುತ್ತಿದ್ದ, ಟೀ ಕುಡಿಯುವ ನೆಪದಲ್ಲಿ ಅವಳ ಗಡಿಯಾರ ನೋಡುತ್ತಿದ್ದ. ಅಲ್ಲೇ ನಿಂತು ಮುಳ್ಳು ಸರಿಮಾಡಿಕೊಳ್ಳಬಹುದಿತ್ತು. ಆದರೆ ಇನ್ನೂರು ಮೀಟರ್ ವಾಚಿನವನು ಟೀ ಅಂಗಡಿಯ ಗಡಿಯಾರ ನೋಡಿ ಟೈಂ ಇಟ್ಟುಕೊಳ್ಳುವುದನ್ನು ನಾಲ್ಕು ಜನ ಕಂಡರೆ ಮರ್ಯಾದೆ ಉಳಿಯುತ್ತದೆಯೆ? ಅದಕ್ಕೇ ಟೈಮನ್ನು ಮನಸ್ಸಿನಲ್ಲಿ ಜಪಿಸುತ್ತಾ, ದಾರಿಯಲ್ಲಿ ಯಾರು ಮಾತಾಡಿಸಿದರೂ ಉತ್ತರ ಕೊಡದೆ, ಆಫೀಸಿಗೆ ಬಂದು, ಬಾಗಿಲು ಹಾಕಿಕೊಂಡು, ಮುಳ್ಳನ್ನು ಜಪದ ಟೈಮಿಗೆ ಇಟ್ಟು ಗುಂಡಿ ಒತ್ತುತ್ತಿದ್ದ. ಇಷ್ಟಕ್ಕೆ ಹಿಡಿಯುತ್ತಿದ್ದದ್ದು ಒಂದು ನಿಮಿಷ.

ಒಂದು ನಿಮಿಷ ಯಾವ ಲೆಕ್ಕ ಅಂತ ನೀವು ಕೇಳಬಹುದು. ಸೈರನ್ ಒಂದು ನಿಮಿಷ ತಡವಾಗಿ ಆಯಿತು. ಟೀ ಅಂಗಡಿಯಾಕೆ ಸ್ಟೂಲು ಹತ್ತಿ ಮುಳ್ಳನ್ನು ಒಂದು ನಿಮಿಷ ಹಿಂದಕ್ಕೆ ತಳ್ಳಿದಳು. ಮುಂದಿನ ಸಲ ಟೈಮಪ್ಪ ಆ ಗಡಿಯಾರ ನೋಡಿ ಬಂದು ಇನ್ನೊಂದು ನಿಮಿಷ ಕಳೆದ. ಅವಳು ಮತ್ತೆ ಸ್ಟೂಲು ಹತ್ತಿದಳು. ದಿನಕ್ಕೆ ನಾಲ್ಕು ನಿಮಿಷದಂತೆ ಊರು ಸದ್ದಿಲ್ಲದೆ ಹಿಂದಕ್ಕೆ ಸರಿಯತೊಡಗಿತು. ಎಲ್ಲರ ಗಡಿಯಾರವೂ ಒಟ್ಟಿಗೇ ಸರಿದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮೊದಲು ಅನುಮಾನ ಬಂದದ್ದು ಹೆಂಡತಿಗೆ.

"ರೀ, ರೇಡಿಯೋದಲ್ಲಿ ಏಳು ಗಂಟೆ ವಾರ್ತೆ, ನಾವು ಸೈರನ್ನಿಗೆ ಇಟ್ಟ ಗಡಿಯಾರದಲ್ಲಿ ಆರೂ ನಲವತ್ತೆಂಟಕ್ಕೇ ಶುರುವಾಯ್ತಲ್ಲ."

"ಅವರಿಗೆ ಏನೋ ಅರ್ಜೆಂಟಿರಬೇಕು," ಅಂದ ಟೈಮಪ್ಪ, ಹಲ್ಲುಜ್ಜುತ್ತಾ.

"ವಾರ್ತೆ ಓದುವವರಿಗೆ ಎಂಥ ಅರ್ಜೆಂಟು?"

"ನೋಡು, ಅಲ್ಲಿರೋದು ಎಂಥೆಂಥ ಗಡಿಯಾರವೋ. ನನ್ನದು ಕ್ವಾರ್ಟ್ಜ್."

"ಇಡೀ ದೇಶ ತಪ್ಪು, ನೀವೊಬ್ಬರು ಸರಿ," ಅಂದಳು ಅವಳು. "ಇದನ್ನ ಸಾಹೇಬರ ಮುಂದೆ ಮಾತ್ರ ಹೇಳಬೇಡಿ."

ಐದನೆಯ ದಿನ, ಎಂಟರ ಲಾಂಚು ಹತ್ತಿ ಎಂಟೂ ನಲವತ್ತರ ರೈಲು ಹಿಡಿಯಲು ಹೋದವರಿಗೆ ರೈಲಿನ ಬಾಲ ಕಂಡಿತು. ಆರನೆಯ ದಿನ ಹೊಗೆ ಕಂಡಿತು. ಏಳನೆಯ ದಿನ ಹಳಿ ಮಾತ್ರ ಕಂಡಿತು. ಬ್ಯಾಂಕಿನ ಗುಮಾಸ್ತನಿಗೆ ಅರ್ಧ ದಿನದ ರಜೆ ಕಟ್ಟಾಯಿತು. ವಕೀಲರ ಕಕ್ಷಿದಾರ ಕೋರ್ಟಿನಲ್ಲಿ ವಕೀಲರಿಲ್ಲದೆ ಒದ್ದಾಡಿದ. ಎಲ್ಲರೂ ಟೀ ಅಂಗಡಿ ಮುಂದೆ ಸೇರಿ, ಅವಳ ಗಡಿಯಾರ ನೋಡಿ, ತಮ್ಮ ತಮ್ಮ ಕೈ ನೋಡಿಕೊಂಡು, ಒಮ್ಮತದಿಂದ ತೀರ್ಮಾನಕ್ಕೆ ಬಂದರು. ರೈಲು ಮುಂಚೆ ಹೊರಡುತ್ತಿದೆ.

ವಕೀಲರೇ ದೂರು ಬರೆದರು. "ಸದರಿ ರೈಲು ಕೆಲವು ದಿನಗಳಿಂದ ನಿಗದಿತ ವೇಳೆಗೆ ಮುಂಚಿತವಾಗಿ ಹೊರಡುವ ದುರಭ್ಯಾಸ ಬೆಳೆಸಿಕೊಂಡಿದ್ದು" ಅಂತ ಶುರುವಾಗಿ ಎರಡು ಪುಟ ನಡೆಯಿತು. ನಲವತ್ತೊಂದು ಸಹಿ. ಮೊದಲ ಸಹಿ ಟೈಮಪ್ಪನದು, ಸಮಯದ ವಿಷಯದಲ್ಲಿ ಅವನೇ ಪರಿಣತ ಅಂತ.

ರೈಲಿಗೆ ದುರಭ್ಯಾಸ ಅಂದದ್ದು ಸ್ಟೇಷನ್ ಮಾಸ್ಟರಿಗೆ ನಾಟಿತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರು ರೈಲನ್ನು ಮುಂಚೆ ಬಿಟ್ಟವರಲ್ಲ. ತಡವಾಗಿ ಬಿಟ್ಟಿದ್ದಾರೆ, ಅದು ಬೇರೆ ಮಾತು. ಅವತ್ತೇ ಒಂದು ಗಂಟೆಯ ಲಾಂಚು ಹಿಂದಿರುಗುವಾಗ ಅದರಲ್ಲಿ ಕೂತು ಬಂದು, ದೂರಿನ ಕಾಗದ ಬೀಸುತ್ತಾ ಕಟ್ಟೆಯ ಮೇಲೆ ನಿಂತರು.

"ಯಾರಯ್ಯಾ ಇಲ್ಲಿ ಟೈಂ ನೋಡೋದು?"

ಟೈಮಪ್ಪ ಎದ್ದು ನಿಂತ. ವಾಚಿನ ಗುಂಡಿ ಹೊರಗಿತ್ತು. ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಂಡ.

"ನಾನೇ ಸಾರ್."

"ನಿಮ್ಮ ಲಾಂಚು ಇಪ್ಪತ್ತೇಳು ನಿಮಿಷ ತಡ. ಈ ವಾಚು ನೋಡಿ. ರೈಲ್ವೇದು."

ಟೈಮಪ್ಪ ನೋಡಿದ. ಅವನ ಮುಖದಲ್ಲಿ ನಿಜವಾದ ಕನಿಕರ ಮೂಡಿತು. "ಸಾರ್, ಬೇಜಾರು ಮಾಡ್ಕೋಬೇಡಿ, ಇದು ಇಪ್ಪತ್ತೇಳು ನಿಮಿಷ ಮುಂದಿದೆ. ಎಂದಾದರೂ ಕೆಳಗೆ ಬಿದ್ದಿತ್ತಾ?"

ಸ್ಟೇಷನ್ ಮಾಸ್ಟರ್ ಬಾಯಿ ತೆರೆಯುವ ಮೊದಲೇ ಜನ ಸೇರಿದರು. ಟೀ ಅಂಗಡಿಯಾಕೆ ತನ್ನ ಗಡಿಯಾರ ತೋರಿಸಿದಳು. ದರ್ಜಿ ಓಡಿಹೋಗಿ ತನ್ನದನ್ನು ಗೋಡೆಯಿಂದ ಇಳಿಸಿಕೊಂಡು ಮಗುವಿನ ಹಾಗೆ ಎತ್ತಿಕೊಂಡು ಬಂದ. ಬ್ಯಾಂಕಿನವನು, ವಕೀಲರು, ಮೇಷ್ಟ್ರು ಎಲ್ಲ ಕೈ ಮುಂದೆ ಚಾಚಿದರು. ಒಂಬತ್ತು ಗಡಿಯಾರ ಒಂದು ಮಾತು ಹೇಳಿದವು. ರೈಲ್ವೇದು ಒಂದೇ ಬೇರೆ ಹೇಳಿತು.

"ಒಂಬತ್ತಕ್ಕೆ ಒಂದು," ಅಂದರು ವಕೀಲರು. "ನಾನಾಗಿದ್ದರೆ ರಾಜಿ ಮಾಡ್ಕೋತಿದ್ದೆ."

"ಟೈಂ ಅನ್ನೋದು ಓಟು ಹಾಕೋ ವಿಷಯಾನಾ ಸ್ವಾಮಿ?" ಅಂದರು ಸ್ಟೇಷನ್ ಮಾಸ್ಟರ್. "ನಿಮ್ಮ ದಡದಲ್ಲಿ ಸೂರ್ಯನೂ ಇಪ್ಪತ್ತೇಳು ನಿಮಿಷ ತಡವಾಗಿ ಹುಟ್ಟುತ್ತಾನೇನು?"

"ಅದನ್ನ ಆ ದಡದಲ್ಲಿ ನಿಂತು ನೋಡಿದರೆ ಹೇಗೆ ಗೊತ್ತಾಗುತ್ತೆ," ಅಂದ ದರ್ಜಿ. ಜನ ತಲೆದೂಗಿದರು.

ಸ್ಟೇಷನ್ ಮಾಸ್ಟರಿಗೆ ಒಂದು ಲೋಟ ನೀರು ಕೊಡಿಸಿ ನಾಲ್ಕರ ಲಾಂಚಿಗೆ ಹತ್ತಿಸಿದರು. ಆ ಲಾಂಚೂ ಇಪ್ಪತ್ತೆಂಟು ನಿಮಿಷ ತಡವಾಗಿ ಹೊರಟಿತು. ಅವರು ದಾರಿಯುದ್ದಕ್ಕೂ ತಮ್ಮ ವಾಚನ್ನು ಕಿವಿಗೆ ಹಿಡಿದು ಕೂತಿದ್ದರು ಅಂತ ಡ್ರೈವರ್ ಆಮೇಲೆ ಹೇಳಿದ. "ಪಾಪ, ಒಳ್ಳೇ ಮನುಷ್ಯ. ಈ ವಯಸ್ಸಲ್ಲಿ ಹಾಗಾಗುತ್ತೆ."

ಟೈಮಪ್ಪನ ಕೀರ್ತಿ ಇನ್ನೂ ಒಂದು ಮೊಳ ಬೆಳೆಯಿತು. ಆದರೆ ಅವತ್ತು ಸಂಜೆ ಮನೆಗೆ ಹೋಗುವಾಗ ಅವನಿಗೆ ಒಂದು ಅನುಮಾನ ಬಂತು. ಜಗತ್ತಿನಲ್ಲಿ ರೇಡಿಯೋ ತಪ್ಪಿರಬಹುದು, ರೈಲೂ ತಪ್ಪಿರಬಹುದು. ಎರಡೂ ಒಂದೇ ದಿಕ್ಕಿಗೆ ತಪ್ಪುವುದು ಹೇಗೆ? ಬಹಳ ಹೊತ್ತು ಯೋಚಿಸಿ, ಎರಡೂ ಸರ್ಕಾರದ್ದೇ ಅಲ್ಲವೇ, ಒಂದರಿಂದ ಇನ್ನೊಂದು ಕಲಿತಿರಬೇಕು ಅಂತ ಸಮಾಧಾನ ಮಾಡಿಕೊಂಡ.

ಹತ್ತನೆಯ ದಿನ ಸಾಹೇಬರು ಬಂದರು.

ರೈಲಿಳಿದು ಆ ದಡದಲ್ಲಿ ನಿಂತಾಗ ಹತ್ತೂ ಇಪ್ಪತ್ತು. ಲಾಂಚು ಬರಬೇಕಾದದ್ದೂ ಆಗಲೇ. ಅಲ್ಲಿ ನೆರಳಿರಲಿಲ್ಲ, ಬೆಂಚೂ ಇರಲಿಲ್ಲ. ಹೊಳೆ ಮಾತ್ರ ಇತ್ತು. ಸಾಹೇಬರು ನಿಂತೇ ಇದ್ದರು. ಪಕ್ಕದಲ್ಲಿ ಸ್ಟೇಷನ್ ಮಾಸ್ಟರ್ ಕೈಕಟ್ಟಿ ನಿಂತು, ಬಹಳ ದಿನದ ಮೇಲೆ ಮುಗುಳ್ನಗುತ್ತಿದ್ದರು. ಮೂವತ್ತೆಂಟು ನಿಮಿಷ ಕಳೆದ ಮೇಲೆ ಲಾಂಚು ಬಂತು, ಇಬ್ಬರೂ ಹತ್ತಿದರು.

"ಯಾಕಯ್ಯಾ ಇಷ್ಟು ತಡ?" ಅಂತ ಸಾಹೇಬರು ಡ್ರೈವರನ್ನು ಕೇಳಿದರು.

"ತಡ ಎಲ್ಲಿ ಸಾರ್? ನಮ್ಮ ಟೈಮಪ್ಪ ಸೆಕೆಂಡ್ ಕೂಡ ಬಿಡಲ್ಲ," ಅಂದ ಡ್ರೈವರ್, ಸ್ನೇಹಿತನಿಗೆ ಉಪಕಾರ ಮಾಡಿದೆನೆಂಬ ತೃಪ್ತಿಯಿಂದ.

ಟೈಮಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಟ್ಟೆಯ ಮೆಟ್ಟಿಲಲ್ಲೇ ಕಾದಿದ್ದ. ಸಾಹೇಬರ ಮುಖದಲ್ಲಿ ಬಿಸಿಲು ಹಾಗೇ ಉಳಿದಿತ್ತು. ಆಫೀಸಿನೊಳಗೆ ಬಂದು, ಖಾಲಿ ಗೋಡೆ ನೋಡಿ, ಕುರ್ಚಿಯಲ್ಲಿ ಕೂರದೆ ಕೇಳಿದರು.

"ಈಗ ಟೈಂ ಎಷ್ಟು?"

ಪ್ರಪಂಚದ ಯಾವ ಮನುಷ್ಯನಾದರೂ ಉತ್ತರ ಹೇಳಬಹುದಾದ ಪ್ರಶ್ನೆ. ಟೈಮಪ್ಪ ಕೈ ನೋಡಿಕೊಂಡ. ವಾಚು ಹತ್ತು ಗಂಟೆಗೆ ನಿಂತಿತ್ತು.

"ಒಂದು ನಿಮಿಷ ಸಾರ್, ಈಗ ಬಂದೆ," ಅಂತ ಹೊರಟ.

"ಎಲ್ಲಿಗೆ?"

"ಟೈಂ ನೋಡಿಕೊಂಡು ಬರ್ತೀನಿ ಸಾರ್."

ಸಾಹೇಬರು ಹಿಂದೆಯೇ ನಡೆದರು. ಅವರ ಹಿಂದೆ ಸ್ಟೇಷನ್ ಮಾಸ್ಟರ್, ಅವರ ಹಿಂದೆ ಡ್ರೈವರ್, ಆಮೇಲೆ ಊರು. ಟೈಮಪ್ಪ ಟೀ ಅಂಗಡಿಯ ಮುಂದೆ ನಿಂತು ಕತ್ತೆತ್ತಿ ನೋಡಿ, "ಹತ್ತೂ ನಲವತ್ತು ಸಾರ್," ಅಂದ. ಸಾಹೇಬರು ತಮ್ಮ ಕೈ ನೋಡಿಕೊಂಡರು. ಹನ್ನೊಂದು ದಾಟಿ ಹದಿನೆಂಟು ನಿಮಿಷವಾಗಿತ್ತು.

"ಏನಮ್ಮಾ," ಅಂದರು ಅಂಗಡಿಯಾಕೆಗೆ, "ಈ ಗಡಿಯಾರಕ್ಕೆ ಟೈಂ ಎಲ್ಲಿಂದ ಇಡ್ತೀರಿ?"

"ಸೈರನ್ನಿಂದ ಸಾರ್. ಸರ್ಕಾರದ್ದಲ್ವಾ, ತಪ್ಪಲ್ಲ."

"ಸೈರನ್ನಿಗೆ?"

"ಅದು ಇವರ ವಾಚಿಂದ. ಬಹಳ ದೊಡ್ಡ ವಾಚು ಸಾರ್, ಎರಡು ತಿಂಗಳ ಸಂಬಳದ್ದು."

ಸಾಹೇಬರು ಟೈಮಪ್ಪನ ಕಡೆ ತಿರುಗಿದರು. "ಆ ವಾಚಿಗೆ?"

ಟೈಮಪ್ಪ ಗಡಿಯಾರ ನೋಡಿದ, ಅಂಗಡಿಯಾಕೆಯನ್ನು ನೋಡಿದ, ಸ್ಟೂಲನ್ನು ನೋಡಿದ. ಆ ಸ್ಟೂಲು ಅಲ್ಲಿ ಯಾಕಿದೆ ಅನ್ನುವುದು ಅವನಿಗೆ ಆಗಲೇ ಹೊಳೆದದ್ದು. ಆದರೂ ಸುಳ್ಳು ಹೇಳುವ ಬುದ್ಧಿ ಅವನಿಗಿರಲಿಲ್ಲ.

"ಈ ಅಂಗಡಿ ಅಕ್ಕನ ಗಡಿಯಾರದಿಂದ ಸಾರ್."

ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಕೈಗಡಿಯಾರ ನೋಡಿಕೊಂಡು, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ವಕೀಲರು ತಮ್ಮ ದೂರಿನ ಪ್ರತಿ ಇದ್ದ ಜೇಬಿನ ಮೇಲೆ ಕೈ ಇಟ್ಟರು. ಸ್ಟೇಷನ್ ಮಾಸ್ಟರ್ ಕಣ್ಣು ಮುಚ್ಚಿ ಆಕಾಶದ ಕಡೆ ಮುಖ ಮಾಡಿದರು.

"ಒಂಬತ್ತಕ್ಕೆ ಒಂದು," ಅಂದರು, ತಮಗೆ ತಾವೇ.

"ಕೆಲಸಕ್ಕೆ ಬಾರದ ವಾಚು," ಅಂದರು ಸಾಹೇಬರು.

ಅಷ್ಟು ಹೇಳದಿದ್ದರೆ ಚೆನ್ನಾಗಿತ್ತು. ತನ್ನನ್ನು ಕೆಲಸಕ್ಕೆ ಬಾರದವನು ಅಂದಿದ್ದರೆ ಟೈಮಪ್ಪ ತಲೆ ತಗ್ಗಿಸಿ ನಿಲ್ಲುತ್ತಿದ್ದ. ವಾಚನ್ನು ಅಂದದ್ದು ತಡೆಯಲಿಲ್ಲ.

"ವಾಚಿನ ತಪ್ಪಿಲ್ಲ ಸಾರ್. ತಪ್ಪು ನನ್ನದು. ನಾನು ಸೆಲ್ಲು ಉಳಿಸೋಕೆ ಹೋದೆ. ಇದು ಎಂಥ ವಾಚು ಅಂತ ನಿಮಗೆ ಗೊತ್ತಿಲ್ಲ. ಇನ್ನೂರು ಮೀಟರ್ ನೀರೊಳಗೆ ಇಟ್ಟರೂ ಏನೂ ಆಗಲ್ಲ. ನೋಡಿ ಬೇಕಾದರೆ."

ಅಂಗಡಿಯ ಪಕ್ಕದಲ್ಲಿ ಲೋಟ ತೊಳೆಯುವ ಬಕೆಟ್ ಇತ್ತು. ಆಳ ಒಂದು ಗೇಣು. ಟೈಮಪ್ಪ ವಾಚು ಬಿಚ್ಚಿ ಅದರಲ್ಲಿ ಇಳಿಬಿಟ್ಟ. ಊರೆಲ್ಲ ಬಗ್ಗಿ ನೋಡಿತು. ಸಾಹೇಬರೂ ಬಗ್ಗಿದರು. ವಾಚು ತಳ ಸೇರಿ ಅಂಗಾತ ಮಲಗಿತು. ಪಕ್ಕದಿಂದ ಒಂದು ಸಣ್ಣ ಗುಳ್ಳೆ ಬಂತು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ.

"ಅದೇನು?" ಅಂದರು ಸಾಹೇಬರು.

"ಉಸಿರು ಬಿಡ್ತಿದೆ," ಅಂದ ಡ್ರೈವರ್.

"ಪಕ್ಕದಲ್ಲಿ ಏನೋ ಗುಂಡಿ ಹೊರಗೆ ಬಂದಿದೆಯಲ್ಲ," ಅಂದಳು ಅಂಗಡಿಯಾಕೆ. "ಅದನ್ನ ಮುಚ್ಚೋದು ಬೇಡ್ವಾ?"

ಟೈಮಪ್ಪ ಅಂಗಿಯ ತೋಳಿನ ಸಮೇತ ಬಕೆಟ್ಟಿಗೆ ಕೈ ಹಾಕಿದ. ಹೊರಗೆ ತೆಗೆದಾಗ ಗಾಜಿನೊಳಗೆ ಮಂಜು ಕಟ್ಟಿತ್ತು, ಮಂಜಿನ ಕೆಳಗೆ ಟೀ ಬಣ್ಣದ ನೀರು ಅತ್ತಿಂದಿತ್ತ ಓಲಾಡುತ್ತಿತ್ತು. ಸಮುದ್ರಕ್ಕೆ ಹೆದರದ ವಾಚು ಎಂಜಲು ಲೋಟದ ನೀರಿನಲ್ಲಿ ತೀರಿಕೊಂಡಿತು. ಯಾರೂ ನಗಲಿಲ್ಲ. ನಗಬಹುದಾಗಿದ್ದ ಸ್ಟೇಷನ್ ಮಾಸ್ಟರೇ ಮುಂದೆ ಬಂದು ಅವನ ಬೆನ್ನ ಮೇಲೆ ಕೈ ಇಟ್ಟು, "ಹೋಗಲಿ ಬಿಡಯ್ಯಾ," ಅಂದರು.

ಸಾಹೇಬರು ಒಂದು ಲೋಟ ಟೀ ಕುಡಿದರು. ಬೇರೆ ನೀರಿನಲ್ಲಿ ತೊಳೆದ ಲೋಟದಲ್ಲಿ. ಕುಡಿದು ಮುಗಿಸುವ ತನಕ ಟೈಮಪ್ಪನನ್ನೇ ನೋಡುತ್ತಿದ್ದು ಆಮೇಲೆ ಹೇಳಿದರು.

"ಮೂವತ್ತೆಂಟು ನಿಮಿಷ ಬಿಸಿಲಲ್ಲಿ ನಿಂತಿದ್ದೀನಿ. ನಿನ್ನನ್ನ ಇವತ್ತೇ ಮನೆಗೆ ಕಳಿಸಬೇಕು ಅಂತಲೇ ಲಾಂಚು ಹತ್ತಿದೆ. ಆದರೆ ಕೇಳಿದಾಗ ನೀನು ನಿಜ ಹೇಳಿದೆ, ತಪ್ಪು ಇನ್ನೊಬ್ಬರ ಮೇಲೆ ಹಾಕಲಿಲ್ಲ. ಅಂಥವನು ಸರಕಿನ ಕೊಠಡಿಗೆ ಬೇಕು ನನಗೆ. ಅಲ್ಲಿ ಟೈಂ ನೋಡೋ ಕೆಲಸ ಇಲ್ಲ. ಸೈರನ್ ಹತ್ತಿರ ಮಾತ್ರ ಹೋಗಬೇಡ."

ಸೈರನ್ ಡ್ರೈವರನ ಪಾಲಾಯಿತು. ಅವನು ದಿನವೂ ಆ ದಡಕ್ಕೆ ಹೋದಾಗ ಸ್ಟೇಷನ್ನಿನ ಟೈಂ ನೋಡಿ ಬರಬೇಕು ಅಂತ ಹುಕುಂ ಆಯಿತು, ಒಂದು ಸಾಧಾರಣ ವಾಚೂ ಸಿಕ್ಕಿತು. ಅವತ್ತು ಮಧ್ಯಾಹ್ನ ಇಡೀ ಊರು ಒಂದೇ ಏಟಿಗೆ ಮೂವತ್ತೆಂಟು ನಿಮಿಷ ಮುಂದೆ ಹೋಯಿತು. ಶಾಲೆ ಬೇಗ ಬಿಟ್ಟದ್ದರಿಂದ ಮಕ್ಕಳಿಗೆ ಮಾತ್ರ ಟೈಮಪ್ಪನ ಮೇಲೆ ಬಹಳ ಪ್ರೀತಿ ಬಂತು.

ವಾಚು ರಿಪೇರಿಯವನು ಒದ್ದೆ ವಾಚನ್ನು ತಿರುಗಿಸಿ ನೋಡಿ, ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿಯ ಕೊಳವೆ ಸಿಕ್ಕಿಸಿಕೊಂಡು ಬಹಳ ಹೊತ್ತು ಇಣುಕಿದ. ಟೈಮಪ್ಪನೂ ಹೆಂಡತಿಯೂ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಹಾಗೆ ನಿಂತಿದ್ದರು.

"ಒಳಗಿನ ಯಂತ್ರ ಹೋಯ್ತು. ಸುರುಳಿಗೆ ನೀರು ಹೊಕ್ಕಿದೆ. ಇದರ ಬಿಡಿಭಾಗ ಇಲ್ಲಿ ಸಿಗಲ್ಲ," ಅಂದ. ಆಮೇಲೆ ಚಿಮಟದಲ್ಲಿ ಒಂದು ಸಣ್ಣ ಬಿಲ್ಲೆ ಎತ್ತಿ, ಮೀಟರಿಗೆ ಹಿಡಿದು, ಮುಖ ಅರಳಿಸಿದ. "ಸೆಲ್ಲು ಮಾತ್ರ ಅಚ್ಚುಕಟ್ಟಾಗಿದೆ. ಹೊಸದರ ಹಾಗೇ ಇದೆ. ಹೇಗೆ ಕಾಪಾಡಿದಿರಿ ಸ್ವಾಮಿ?"

ಹೆಂಡತಿ ಗಂಡನ ಮುಖ ನೋಡಿದಳು. ಹತ್ತು ದಿನದಿಂದ ಕೂಡಿಟ್ಟ ಮಾತು ಬಾಯಿ ತುಂಬ ಇತ್ತು. ಅವನ ಒದ್ದೆ ತೋಳು ಇನ್ನೂ ಒಣಗಿರಲಿಲ್ಲ. "ನಡೀರಿ, ಮಗು ಶಾಲೆಯಿಂದ ಬಂದಿರುತ್ತೆ," ಅಂದಳು.

ಎರಡು ತಿಂಗಳ ಸಂಬಳದ ವಾಚು ಹೋಯಿತು. ಟೈಮಪ್ಪ ಅನ್ನುವ ಹೆಸರು ಹೋಗಲಿಲ್ಲ, ಅದನ್ನು ಕರೆಯುವ ಧಾಟಿ ಮಾತ್ರ ಬದಲಾಯಿತು. ಕೆಲಸ ಕಾಯಂ ಆಯಿತು, ಸಂಬಳ ಸ್ವಲ್ಪ ಕಡಿಮೆ. ನಾಲ್ಕು ಲೋಟ ಟೀ ಬೆಲೆಯ ಸೆಲ್ಲು ಉಳಿಯಿತು. ಅದನ್ನು ರಿಪೇರಿಯವನು ಎರಡು ಲೋಟದ ಬೆಲೆಗೆ ಕೊಂಡುಕೊಂಡ.